ಜಿರಳೆ ಕಾಲಿನ ದನಿ

ಎಂಬತ್ತಾರನೇ ಇಸವಿಯಲ್ಲಿ ನಾನು ತಮಿಳುನಾಡಿನ ಪಲ್ಲಡಂನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ನರದಲ್ಲಿ ವಿದ್ಯುತ್ತು ಓಡುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ನನಗೇ ಬೇಸರ ಹತ್ತಿತ್ತು. ಅದನ್ನು ತೋರಿಸುವ ಯಂತ್ರ ನಮ್ಮ ಕಾಲೇಜಿನ ಕನಸಿನಲ್ಲೂ ಇರಲಿಲ್ಲ. ಆದರೆ ಜಿರಳೆಗೇನು ಬರವೇ? ಹಾಸ್ಟೆಲಿನ ಅಡುಗೆಮನೆಯಲ್ಲಿ ಕೇಳಿದಷ್ಟು ಸಿಗುತ್ತಿದ್ದವು.

ಒಂದು ದಿನ ಕ್ಲಾಸಿನ ಹುಡುಗಿಯರ ಎದುರೇ ಜಿರಳೆಯನ್ನು ಐಸಿನಲ್ಲಿಟ್ಟು ಮರಗಟ್ಟಿಸಿ, ಒಂದು ಕಾಲು ಕತ್ತರಿಸಿ, ಅದಕ್ಕೆ ಎರಡು ಗುಂಡುಸೂಜಿ ಚುಚ್ಚಿದೆ. ಸೂಜಿಗೆ ಕಟ್ಟಿದ ತಂತಿಯನ್ನು ಟೇಪ್‌ರೆಕಾರ್ಡರಿನ ಮೈಕಿನ ತೂತಿಗೆ ಕೊಟ್ಟೆ. ಕಾಲಿನ ಮುಳ್ಳನ್ನು ಮುಟ್ಟಿದರೆ ನರ ಕಳಿಸುವ ಸುದ್ದಿ ಸ್ಪೀಕರಿನಲ್ಲಿ ಕೇಳಬೇಕು. ಕೇಳಿದ್ದು ಮಾತ್ರ ಗುಂಯ್ ಅನ್ನುವ ಒಂದೇ ಸದ್ದು. ಗೋಡೆಯಾಚೆ ಪವರ್‌ಲೂಮ್ ಶೆಡ್ಡು. ಅದರ ಮೋಟಾರುಗಳ ಹಾವಳಿ ನನ್ನ ತಂತಿಯೊಳಕ್ಕೇ ಬಂದು ಕೂತಿತ್ತು.

ಬಾಗಿಲಲ್ಲಿ ಪ್ರಿನ್ಸಿಪಾಲ್ ರಂಗನಾಯಕಿ ನಿಂತಿದ್ದರು. ಅವರೂ ನನ್ನಂತೆ ಮನೆಯಲ್ಲಿ ಕನ್ನಡ ಆಡುವವರೇ.

“ಮಗ್ಗದ ಮೋಟಾರು ಕೆಡಿಸ್ತಾ ಇದೆ ಮೇಡಂ” ಅಂದೆ.

“ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ. ಇನ್ನೊಂದು ದಪ ನೋಡ್ತೀನಿ ವಿಜಯಾ. ಆಗ್ಲಿಲ್ಲಾಂದ್ರೆ ಇದನ್ನ ತೆಗ್ದಾಕಿ ಚಿತ್ರ ಬರ್ಸು.”

ಅವರು ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. ಈ ಹುಡುಗಿಯರ ಕೈಗೆ ಸಿಗಬೇಕಾದ ಒಂದೇ ಒಂದು ನಿಜವಾದ ಪ್ರಯೋಗ ಅದು.

“ಆ ಶೆಡ್ಡು ಒಂದಿನಾನಾದ್ರೂ ಬಾಯಿ ಮುಚ್ಕೊಂಡಿರುತ್ತಾ?” ಎಂದು ಗೊಣಗಿದೆ.

ಕ್ಲಾಸಿನಲ್ಲಿ ಅರ್ಧಕ್ಕರ್ಧ ನೇಕಾರರ ಮಕ್ಕಳು. ಮುಂದಿನ ಬೆಂಚಿನ ಪಾಪಾತಿಗೆ ನಗು ತಡೆಯಲಾಗಲಿಲ್ಲ. “ಅಮಾಸೆ ದಿನ ಇರುತ್ತಲ್ಲಾ ಮಿಸ್. ಅವತ್ತು ನಮ್ಮೋರು ಯಾರು ತರಿ ಮುಟ್ತಾರೆ?”

ತರಿ ಎಂದರೆ ಮಗ್ಗ. ನೇಕಾರರ ಮನೆಯಲ್ಲೇ ಹುಟ್ಟಿ, ಅಮಾವಾಸ್ಯೆಗೊಮ್ಮೆ ಅಪ್ಪ ಮಗ್ಗಕ್ಕೆ ಕರ್ಪೂರ ಹಚ್ಚಿ ಸುಮ್ಮನೆ ಕೂರುವುದನ್ನು ನೋಡಿಕೊಂಡೇ ಬೆಳೆದವಳು ನಾನು. ನನಗೂ ನಗು ಬಂತು. ಮೇಡಂ ಹತ್ತಿರ ಓಡಿಹೋಗಿ ಅಮಾವಾಸ್ಯೆಯ ದಿನವನ್ನೇ ಕೇಳಿಕೊಂಡೆ.

ಆ ದಿನ ಊರಿಗೆ ಊರೇ ತಣ್ಣಗಿತ್ತು. ಫ್ಯಾನು, ಲೈಟು ಎಲ್ಲ ಆರಿಸಿದೆವು. ಟೇಪ್‌ರೆಕಾರ್ಡರಿಗೆ ಹೊಸ ಸೆಲ್ ಹಾಕಿದೆವು. ಇನ್ನೊಂದು ಜಿರಳೆಯ ಕಾಲಿಗೆ ಸೂಜಿ ಚುಚ್ಚಿ ತಂತಿ ಕೊಟ್ಟೆ. ಮೇಡಂ ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತರು.

ಪಾಪಾತಿ ಪೊರಕೆಕಡ್ಡಿಯ ತುದಿಯಿಂದ ಮುಳ್ಳನ್ನು ಮೆಲ್ಲಗೆ ತಾಗಿಸಿದಳು.

ಪಟಪಟಪಟ.

ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಕಡ್ಡಿ ತೆಗೆದರೆ ಮೌನ, ಮುಟ್ಟಿದರೆ ಮತ್ತೆ ಪಟಪಟ. ಒಬ್ಬ ಹುಡುಗಿ ಬೆಂಚು ಹತ್ತಿ ನಿಂತಳು, ಇನ್ನೊಬ್ಬಳು ನನ್ನ ತೋಳು ಹಿಡಿದು ಕುಣಿದಳು. ನನಗೆ ಸಂತೋಷ ಎಷ್ಟಾಯಿತೆಂದರೆ ಬೈಯುವುದೇ ಮರೆತುಹೋಯಿತು.

“ಕೊಡೇ ಇಲ್ಲಿ” ಎಂದು ಮೇಡಂ ಕಡ್ಡಿ ಇಸಿದುಕೊಂಡರು. ತಾವೇ ಮುಟ್ಟಿದರು. ನಿಲ್ಲಿಸಿದರು. ಸ್ಪೀಕರಿಗೆ ಕಿವಿ ಹಚ್ಚಿ ಇನ್ನೊಮ್ಮೆ ಮುಟ್ಟಿದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ.

“ಪಾಪಾತಿ, ಹೋಗಿ ಮೂರನೇ ವರ್ಷದೋರ್ನ ಕರ್ಕೊಂಡ್ ಬಾ” ಅಂದರು. “ಅವರಿಗೆ ನರದ ಪಾಠ ಮಾಡಿದ್ದು ನಾನು. ನಾನೂ ಇವತ್ತೇ ಕೇಳಿದ್ದು ಇದನ್ನ.”

ಪಾಪಾತಿ ದಾವಣಿ ಎತ್ತಿ ಕಟ್ಟಿ ಓಡಿದಳು. ಮೇಡಂ ಆ ಕಡ್ಡಿಯನ್ನು ಮತ್ತೆ ಯಾರ ಕೈಗೂ ಕೊಡಲಿಲ್ಲ.