ಇಬ್ಬರ ಸಹಿ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ. ಒಬ್ಬರು ಕಾಲರ್ ಹೊಲಿದರೆ ಇನ್ನೊಬ್ಬರು ತೋಳು ಕೂಡಿಸುತ್ತಾರೆ. ಗುಂಡಿ ತೂರಿಸುವ ಕಾಜಾ ಹೊಲಿಯುವುದು ಇವಳ ಪಾಲಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಹಾಗಾಗಿ ಇವಳು ಕಾಜಕ್ಕ. ಮೇಸ್ತ್ರಿಯಿಂದ ಹಿಡಿದು ಬೀದಿ ಕೊನೆಯ ಹಾಲಿನವನವರೆಗೆ ಎಲ್ಲರೂ ಕರೆಯುವುದು ಹಾಗೇ. ಗಂಡ ಮಾತ್ರ ಫೋನಿನಲ್ಲಿ ‘ಲೇ’ ಎನ್ನುತ್ತಿದ್ದ, ಆ ಒಂದಕ್ಷರಕ್ಕೆ ಇವಳು ವಾರವಿಡೀ ಕಾಯುತ್ತಿದ್ದಳು.

ಗಂಡ ಬಡಗಿ. ಪರದೇಶಕ್ಕೆ ಹೋಗಿ ಒಂಬತ್ತು ವರ್ಷ. ಬಾಗಿಲು, ಕಿಟಕಿ, ಕಪಾಟು ಮಾಡುವ ಕಂಪನಿಯೊಂದರಲ್ಲಿ ಕೆಲಸ, ಒಂದು ಕೋಣೆಯಲ್ಲಿ ಆರು ಜನರ ವಾಸ, ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಅವನು ಮನೆ ಖರ್ಚಿಗೆ ಕಳಿಸುವ ಹಣ ಮಾರುಕಟ್ಟೆ ಪಕ್ಕದ ಹಣದ ಅಂಗಡಿಗೆ ಬರುತ್ತಿತ್ತು, ಇವಳು ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳುತ್ತಿದ್ದಳು. ಉಳಿಕೆಯನ್ನು ಅವನು ಬೇರೆಯಾಗಿ ಬ್ಯಾಂಕಿಗೆ ಕಳಿಸುತ್ತಿದ್ದ.

ಈ ಬ್ಯಾಂಕಿನ ಖಾತೆಯದೇ ಒಂದು ಕಥೆ. ಪರದೇಶದಲ್ಲಿ ದುಡಿಯುವವನೊಬ್ಬನಿದ್ದರೆ ಬಂಧುಬಳಗಕ್ಕೆಲ್ಲ ಒಮ್ಮೆಲೇ ಕಷ್ಟ ಶುರುವಾಗುತ್ತದೆ, ಅದೇನು ಮಾಯೆಯೋ. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಕೊಟ್ಟಿಗೆಯ ಛಾವಣಿ, ಮತ್ತೊಬ್ಬರಿಗೆ ಯಾವುದೋ ಮುಳುಗುವ ವ್ಯಾಪಾರ. ಕಾಜಕ್ಕ ‘ಇಲ್ಲ’ ಎನ್ನಲು ಬಾರದ ಹೆಂಗಸು. ಯಾರಾದರೂ ಎದುರು ಕೂತು ಎರಡು ಹನಿ ಕಣ್ಣೀರು ಹಾಕಿದರೆ ಇವಳು ನಾಲ್ಕು ಹನಿ ಹಾಕಿ ಪರ್ಸಿಗೆ ಕೈ ಹಾಕುತ್ತಿದ್ದಳು. ಅದಕ್ಕೇ ಒಂದು ರಜೆಯಲ್ಲಿ ಗಂಡ ಹೆಂಡತಿ ಕೂತು ಯೋಚನೆ ಮಾಡಿ, ಖಾತೆಯನ್ನು ಇಬ್ಬರ ಹೆಸರಿಗೂ ಮಾಡಿಸಿದರು. ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ಹೊರಗೆ ಬರಬೇಕು. ಹೊರಡುವ ಮುಂಚೆ ಅವನು ಕೇಳಿದ್ದ, “ಸಹಿ ಹಾಕಿದ ಒಂದೆರಡು ಚೆಕ್ ಇಟ್ಟು ಹೋಗ್ಲಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇರ್ಲಿ.”

“ಬೇಡ ರೀ. ಕೈಯಲ್ಲಿದ್ರೆ ನಾನು ಕರಗಿಬಿಡ್ತೀನಿ” ಎಂದಿದ್ದಳು.

ಅಂದಿನಿಂದ ಇವಳಿಗೆ ನೆಮ್ಮದಿಯೋ ನೆಮ್ಮದಿ. ಯಾರೇ ಬಂದು ಪೀಠಿಕೆ ಹಾಕಲಿ, ಟೀ ಕೊಟ್ಟು, ಪೂರ್ತಿ ಕೇಳಿಸಿಕೊಂಡು, “ಅಯ್ಯೋ, ಇದ್ರೆ ಕೊಡ್ತಿರಲಿಲ್ವಾ? ಅವರ ಸಹಿ ಇಲ್ದೆ ಒಂದು ಕಾಸೂ ಹೊರಗೆ ಬರಲ್ಲ” ಎನ್ನುವಳು. ಬಂದವರು ಮೂಗು ಮುರಿದು ಹೋಗುವರು. ಹಳೆಯ ಆಟೋ ಕೊಳ್ಳುತ್ತೇನೆಂದು ಮೂರು ಸಲ ಬಂದ ಸ್ವಂತ ಮೈದುನನಿಗೂ ಅದೇ ಉತ್ತರ. ಮೂರನೆಯ ಸಲ ಅವನು ಟೀ ಕುಡಿಯದೆ ಎದ್ದು ಹೋದ. ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ.

ಸೋಮವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಫೋನು ಬಂತು. ಗಂಡನ ನಂಬರು, ಗಂಡನ ದನಿಯಲ್ಲ. ಅವನ ಕೋಣೆಯಲ್ಲೇ ಇರುವ, ಎಲ್ಲರಿಗಿಂತ ಹಿರಿಯ, ಎಲ್ಲರೂ ದೊಡ್ಡಣ್ಣ ಎನ್ನುವ ಬಣ್ಣ ಬಳಿಯುವವನು.

“ಗಾಬರಿ ಮಾಡ್ಕೋಬೇಡ ತಂಗಿ” ಎಂದ. ಹಾಗೆಂದರೆ ಯಾರು ತಾನೇ ಗಾಬರಿಯಾಗದೆ ಇರುತ್ತಾರೆ? 

ಮರ ಕೊಯ್ಯುವ ಯಂತ್ರಕ್ಕೆ ಬಲಗೈ ಸಿಕ್ಕಿತ್ತು. ಮೂರು ಬೆರಳು ಜಜ್ಜಿಹೋಗಿದ್ದವು, ಆದರೆ ಕೈಯಿಂದ ಕಳಚಿಹೋಗಿರಲಿಲ್ಲ, ರಕ್ತ ಇನ್ನೂ ಅಲ್ಪಸ್ವಲ್ಪ ಓಡುತ್ತಿತ್ತು. ಮೂಳೆಯನ್ನೂ ನರವನ್ನೂ ಕೂಡಿಸುವ ಆಪರೇಷನ್ ಮಾಡಿದರೆ ಉಳಿಯಬಹುದು. ಶನಿವಾರದೊಳಗೆ ಆಗಬೇಕು, ಆಮೇಲೆ ಕೀವು ಹತ್ತಿದರೆ ದೇವರೇ ಗತಿ ಎಂದಿದ್ದರು ಡಾಕ್ಟರು. ಅದಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಬೇಕು. ಕಂಪನಿಯ ಆಫೀಸಿನವನು ಕಾಗದ ತಿರುವಿ ನೋಡಿ, ವಿಮೆಯಲ್ಲಿ ಬೆರಳು ತೆಗೆಯುವುದಕ್ಕೆ ಹಣವಿದೆ, ಕೂಡಿಸುವುದಕ್ಕಿಲ್ಲ ಎಂದನಂತೆ. ಅಂಥ ಕಾಗದ ಬರೆದ ಮಹಾನುಭಾವನ ಕೈ ಚೆನ್ನಾಗಿಯೇ ಇದ್ದಿರಬೇಕು.

“ನಮ್ಮ ಹತ್ರ ಇದ್ದಿದ್ದನ್ನೆಲ್ಲ ಹಾಕ್ತಿದ್ವಿ ತಂಗಿ. ಆದ್ರೆ ಸಂಬಳ ಆಗಿ ನಾಲ್ಕು ದಿನ ಆಯ್ತು. ಆರೂ ಜನ ಮನೆಗೆ ಕಳಿಸಿಬಿಟ್ಟಿದ್ದೀವಿ” ಎಂದ ದೊಡ್ಡಣ್ಣ. 

“ನೀವೇನೂ ಯೋಚ್ನೆ ಮಾಡ್ಬೇಡಿ ಅಣ್ಣಾ. ಬ್ಯಾಂಕಲ್ಲಿ ದುಡ್ಡಿದೆ. ನಾಳೆನೇ ಕಳಿಸ್ತೀನಿ” ಎಂದಳು ಕಾಜಕ್ಕ. ಹೇಳುವಾಗ ಅವಳಿಗೆ ಧೈರ್ಯವೇ ಬಂದಿತ್ತು. ಒಂಬತ್ತು ವರ್ಷ ಕೂಡಿಟ್ಟದ್ದು ಇಂಥ ದಿನಕ್ಕಲ್ಲದೆ ಇನ್ಯಾವ ದಿನಕ್ಕೆ?

ಮಂಗಳವಾರ ಬ್ಯಾಂಕಿನ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ನಿಂತಿದ್ದಳು. ಒಳಗೆ ಕೂತ ಅಧಿಕಾರಿ ಕನ್ನಡಕದ ಹೆಂಗಸು, ಕೆಟ್ಟವಳಲ್ಲ. ಕುರ್ಚಿ ತೋರಿಸಿ ಕೂರಿಸಿದಳು, ನೀರು ತರಿಸಿಕೊಟ್ಟಳು, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಖಾತೆಯನ್ನು ಇಬ್ಬರ ಹೆಸರಿಗೆ ಮಾಡಿಸಿದಾಗಿನ ಅರ್ಜಿಯನ್ನು ಹುಡುಕಿ ತೆಗೆದು ಅದರ ಮೇಲೆ ಬೆರಳಿಟ್ಟಳು.

“ನೋಡಿಯಮ್ಮ, ಇಬ್ಬರೂ ಸೇರಿ ಅಂತ ಬರೆದುಕೊಟ್ಟಿದ್ದೀರಿ. ಅವರ ಸಹಿ ಇಲ್ಲದೆ ನಾನು ಕೊಡೋ ಹಾಗಿಲ್ಲ.”

ಕಾಜಕ್ಕ ಆ ಮಾತನ್ನು ಎಷ್ಟು ಜನರಿಗೆ ಎಷ್ಟು ಸಲೀಸಾಗಿ ಹೇಳಿದ್ದಳೋ! ಈಗ ಬೇರೆಯವರ ಬಾಯಿಂದ ಕೇಳಿದಾಗ ಮೊದಲು ಅರ್ಥವೇ ಆಗಲಿಲ್ಲ.

“ಅವರ ಕೈಗೇ ಅಲ್ವಾ ಮೇಡಂ ಪೆಟ್ಟಾಗಿರೋದು! ಅವರಿಗೇ ಕಳಿಸ್ತಿರೋದು, ಬೇರೆ ಯಾರಿಗೋ ಅಲ್ಲ.”

“ನನಗೆ ಅರ್ಥ ಆಗುತ್ತಮ್ಮ.”

“ಎಡಗೈ ಹೆಬ್ಬೆಟ್ಟು ಒತ್ತಿಸಿ ಫೋಟೋ ತರಿಸ್ಲಾ? ಫೋನಲ್ಲೇ ನಿಮ್ಮ ಹತ್ರ ಮಾತಾಡ್ತಾರೆ, ಮುಖ ನೋಡಿ ನೀವೇ.”

ಆಗಲೇ ವಿಡಿಯೋ ಹಚ್ಚಿದಳು. ಪರದೆಯಲ್ಲಿ ಗಂಡ, ಬಿಳುಪೇರಿದ ಮುಖ, ಎದೆಯ ಮೇಲೆ ಬಟ್ಟೆ ಸುತ್ತಿದ ದೊಡ್ಡ ಗಂಟಿನಂಥ ಕೈ. ಅಧಿಕಾರಿಗೆ ಅವನು ನಮಸ್ಕಾರ ಮಾಡಲು ಹೋದ, ಎಡಗೈ ಒಂದೇ ಮೇಲೆದ್ದಿತು. “ಕೊಡಿ ಮೇಡಂ, ನಾನೇ ಹೇಳ್ತಿದ್ದೀನಲ್ಲ” ಎಂದ. ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಆದರೂ ಆಗುವುದಿಲ್ಲವೆಂದಳು. ಹೆಬ್ಬೆಟ್ಟು ಒತ್ತುವುದಾದರೆ ಅಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಗೆ ಹೋಗಿ, ಅಧಿಕಾರಿಯ ಎದುರು ಒತ್ತಿ, ಮೊಹರು ಹಾಕಿಸಿ, ಮೂಲ ಕಾಗದವನ್ನೇ ಅಂಚೆಯಲ್ಲಿ ಕಳಿಸಬೇಕು. ಎಷ್ಟು ದಿನ ಹಿಡಿಯುತ್ತದೆ ಎಂದರೆ, ಹತ್ತೋ ಹದಿನೈದೋ. ತನ್ನ ಮೇಲಿನವರಿಗೂ ಫೋನ್ ಮಾಡಿ ಕೇಳಿದಳು. ಅಲ್ಲಿಂದಲೂ ಅದೇ ಉತ್ತರ.

“ನಿಮ್ಮ ದುಡ್ಡು ಭದ್ರವಾಗಿದೆಯಮ್ಮ, ಆ ಚಿಂತೆ ಬೇಡ” ಎಂದಳು ಕೊನೆಗೆ, ಪಾಪ, ಸಮಾಧಾನ ಮಾಡಲು ಬೇರೇನೂ ತೋಚದೆ.

ಹೊರಗೆ ಬಂದ ಕಾಜಕ್ಕ ಬ್ಯಾಂಕಿನ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಬೀಗ ಹಾಕಿದ್ದು ತಾವೇ. ಚೆಕ್ ಬೇಡವೆಂದವಳೂ ತಾನೇ. ನೆಂಟರನ್ನು ಹೊರಗಿಡಲು ಹೋಗಿ ತಮ್ಮನ್ನೇ ಹೊರಗಿಟ್ಟುಕೊಂಡಿದ್ದರು.

ಆಮೇಲಿನ ಒಂದೂವರೆ ದಿನ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದಳು. ಕಾರ್ಖಾನೆಯ ಮೇಸ್ತ್ರಿ ಮೂರು ತಿಂಗಳ ಸಂಬಳ ಮುಂಗಡ ಕೊಟ್ಟ. ಕಾಲರ್ ಹೊಲಿಯುವವಳು ತನ್ನ ಚೀಟಿ ಹಣ ಕೊಟ್ಟಳು. ಮನೆಯಲ್ಲಿದ್ದ ಹೊಲಿಗೆ ಯಂತ್ರ ಹೋಯಿತು, ಕಿವಿಯಲ್ಲಿದ್ದದ್ದು ಹೋಯಿತು. ಅಷ್ಟಾದರೂ ಅರ್ಧಕ್ಕೆ ನಿಂತಿತು. ಟೀ ಕುಡಿದು ಮೂಗು ಮುರಿದು ಹೋಗಿದ್ದ ನೆಂಟರಲ್ಲಿ ಇಬ್ಬರು ಫೋನೇ ಎತ್ತಲಿಲ್ಲ. ಮೂರನೆಯವರು ಎತ್ತಿ, “ಬ್ಯಾಂಕಲ್ಲಿ ಅಷ್ಟೊಂದು ಇಟ್ಕೊಂಡು ನಮ್ಮನ್ನ ಕೇಳ್ತೀಯಲ್ಲ” ಎಂದರು. 

ಬುಧವಾರ ಸಂಜೆ, ನಾಚಿಕೆಯನ್ನೆಲ್ಲ ನುಂಗಿಕೊಂಡು ಮೈದುನನ ಮನೆಗೆ ಹೋದಳು. ಅವನು ಬಾಡಿಗೆ ಆಟೋ ಒರೆಸುತ್ತಿದ್ದ. ಒರೆಸುವ ಬಟ್ಟೆ ಕೆಳಗಿಡದೆಯೇ ಎಲ್ಲ ಕೇಳಿದ. ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಅವನು ಒಳಗೆ ಹೋಗಿ ಒಂದು ಡಬ್ಬಿ ತಂದು ಅವಳ ಮಡಿಲಿಗಿಟ್ಟ. “ಅವತ್ತು ನೀವು ಕೊಟ್ಟಿದ್ರೆ ಗಾಡಿ ತಗೊಂಡುಬಿಡ್ತಿದ್ದೆ ಅತ್ತಿಗೆ. ಕೊಡ್ಲಿಲ್ಲ ಅಂತ ಹಟಕ್ಕೆ ಬಿದ್ದು ಕೂಡಿಟ್ಟಿದ್ದು. ತಗೊಳ್ಳಿ.”

“ನಿನ್ನ ಗಾಡಿ...”

“ನಮ್ಮಣ್ಣನ ಕೈಗಿಂತ ಗಾಡಿ ಹೆಚ್ಚಾ? ನಡೀರಿ, ಬಿಟ್ಟು ಬರ್ತೀನಿ.”

ದಾರಿಯುದ್ದಕ್ಕೂ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ರಸ್ತೆ ನೋಡುತ್ತಾ ಗಾಡಿ ಓಡಿಸಿದ.

ಗುರುವಾರ ಬೆಳಿಗ್ಗೆ, ಮುಂಗಡಕ್ಕೆ ಬೇಕಾದಷ್ಟನ್ನೂ ಕೂಡಿಸಿಕೊಂಡು, ಇಬ್ಬರೂ ಮಾರುಕಟ್ಟೆ ಪಕ್ಕದ ಹಣದ ಅಂಗಡಿಯಲ್ಲಿದ್ದರು. ಗಾಜಿನ ಹಿಂದೆ ಕೂತವನಿಗೆ ಕಾಜಕ್ಕನ ಪರಿಚಯ ಒಂಬತ್ತು ವರ್ಷದ್ದು. ಅವಳನ್ನು ಕಂಡವನೇ ಅಭ್ಯಾಸ ಬಲದಿಂದ ನೋಟಿನ ಕಟ್ಟು ಎಳೆದುಕೊಂಡ.

“ಇವತ್ತು ತಗೊಳ್ಳೋಕೆ ಬಂದಿಲ್ಲಪ್ಪ. ಕಳಿಸ್ಬೇಕು.”

“ಅಲ್ಲಿಗಾ?” ಎಂದು ಅವನು ಬಾಯಿಬಿಟ್ಟ. ಬರುವ ಹಣ ಕೊಟ್ಟು ಕೊಟ್ಟು ಅವನಿಗೆ ಹೋಗುವ ಹಣದ ದಾರಿಯೇ ಮರೆತುಹೋಗಿತ್ತು. ಅರ್ಜಿಗಾಗಿ ನಾಲ್ಕು ಡ್ರಾಯರ್ ತಡಕಾಡಿದ. ಕೊನೆಗೆ ಸಿಕ್ಕದ್ದನ್ನು ಊದಿ ಧೂಳು ಹಾರಿಸಿದ.

ಗಂಡನ ಸಂಬಳದ ಕಾರ್ಡಿಗೆ ಕಂಪನಿ ಬಿಟ್ಟು ಬೇರೆ ಯಾರೂ ಹಣ ಹಾಕುವಂತಿರಲಿಲ್ಲ. ಅಲ್ಲಿನ ಹಣದ ಅಂಗಡಿಗೆ ಅವನ ಹೆಸರಲ್ಲಿ ಕಳಿಸಿದರೆ ಅವನೇ ಎದ್ದು ಹೋಗಿ ತರಬೇಕು, ಅವನಿಗೆ ಮಂಚ ಇಳಿಯುವುದೇ ಕಷ್ಟ. ಹಾಗಾಗಿ ದೊಡ್ಡಣ್ಣನ ಹೆಸರಿಗೆ ಕಳಿಸುವುದೆಂದಾಯಿತು.

“ಇವರು ನಿಮಗೆ ಏನಾಗಬೇಕು ಅಕ್ಕಾ?”

“ಏನೂ ಆಗಲ್ಲ. ನಮ್ಮ ಯಜಮಾನರ ರೂಮಲ್ಲಿರೋರು.”

“ನೆಂಟರು ಅಂತ ಬರೀಲಾ? ಬೇಗ ಹೋಗುತ್ತೆ.”

ಕಾಜಕ್ಕ ಯೋಚಿಸಿದಳು. ಆಸ್ಪತ್ರೆಯ ಕೆಲಸ, ಒಂದು ಸುಳ್ಳಿನಿಂದ ಶುರುಮಾಡುವುದು ಬೇಡವೆನಿಸಿತು. “ಇದ್ದಿದ್ದನ್ನೇ ಬರಿಯಪ್ಪ” ಎಂದಳು.

ಅವನು ಬರೆದ, ಹಣ ಎಣಿಸಿಕೊಂಡ, ಗುಂಡಿ ಒತ್ತಿದ. ಪರದೆಯ ಮೇಲೆ ‘ಪರಿಶೀಲನೆಯಲ್ಲಿದೆ’ ಎಂದು ಬಂತು. ಅವನ ಮುಖ ಸಪ್ಪಗಾಯಿತು. ಮೊದಲ ಸಲ ಹೊರಗೆ ಹೋಗುತ್ತಿರುವ ಹಣ, ಮೊತ್ತ ದೊಡ್ಡದು, ಪಡೆಯುವವನು ಬಂಧುವಲ್ಲ. ಮುಖ್ಯ ಕಚೇರಿಯವರು ನೋಡಿ ಬಿಡಬೇಕು. ಎರಡು ಕೆಲಸದ ದಿನ.

“ಎರಡು ದಿನ ಅಂದ್ರೆ ಶನಿವಾರ ಅಲ್ವಾ? ಶನಿವಾರ ಬೆಳಿಗ್ಗೆ ಸಿಕ್ಕಿದ್ರೂ ಸಾಕು” ಎಂದಳು.

“ಶನಿವಾರ, ಭಾನುವಾರ ಅವರು ಲೆಕ್ಕಕ್ಕೆ ಹಿಡಿಯಲ್ಲ ಅಕ್ಕಾ.”

“ಹಾಗಾದ್ರೆ ವಾಪಸ್ ಕೊಡು. ನೆಂಟ ಅಂತಲೇ ಬರಿ.”

“ಈಗ ವಾಪಸೂ ಅವರೇ ಕೊಡ್ಬೇಕು.”

ಮೈದುನ ಗಾಜಿಗೆ ಗುದ್ದಿದ. ಒಳಗಿದ್ದವನು ಎದ್ದು ನಿಂತು, “ನನ್ನ ಹೊಡೀರಿ ಬೇಕಾದ್ರೆ, ನನ್ನ ಕೈಲೇನಿದೆ?” ಎಂದ. ಅವನು ಹೇಳಿದ್ದೂ ಸರಿಯೇ. ಯಾರ ಕೈಯಲ್ಲೂ ಏನೂ ಇರಲಿಲ್ಲ. ಮುಖ್ಯ ಕಚೇರಿಗೆ ಫೋನ್ ಮಾಡಿದರೆ ಒಂದು ಯಂತ್ರ ಮಾತಾಡಿತು, ನಿಮ್ಮ ಕರೆ ನಮಗೆ ಮುಖ್ಯ ಎಂದಿತು, ಆಮೇಲೆ ವಾದ್ಯ ನುಡಿಸಿತು. ಶುಕ್ರವಾರವಿಡೀ ಕಾಜಕ್ಕ ಆ ವಾದ್ಯ ಕೇಳಿದಳು. ಒಂದು ಸಲ ನಿಜವಾದ ಮನುಷ್ಯನೊಬ್ಬ ಸಿಕ್ಕ, ಆಸ್ಪತ್ರೆಯ ಚೀಟಿ ಕಳಿಸಿ ಎಂದ. ಕಳಿಸಿದಳು. ತಲುಪಿದೆ, ಸರದಿಯಲ್ಲಿದೆ ಎಂದು ಸಂದೇಶ ಬಂತು.

ಅತ್ತ ದೊಡ್ಡಣ್ಣ ಗಂಟೆಗೊಮ್ಮೆ ಅಲ್ಲಿನ ಹಣದ ಅಂಗಡಿಗೆ ಹೋಗಿ ಬರುತ್ತಿದ್ದ. ಹೋಗಿ ಬಂದು ಹೋಗಿ ಬಂದು ಅವನ ಒಂದು ದಿನದ ಕೂಲಿಯೂ ಹೋಯಿತು. “ಬಂತಾ ಅಣ್ಣಾ?” “ಇಲ್ಲ ತಂಗಿ.” ಅಷ್ಟೇ ಮಾತು. ಗಂಡನಿಗೆ ಜ್ವರ ಏರುತ್ತಿತ್ತು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ, ಗಂಡ ವಿಡಿಯೋ ಬೇಡವೆಂದಾಗಲೇ ಅವಳಿಗೆ ಗೊತ್ತಾಯಿತು.

ಶನಿವಾರ ಮಧ್ಯಾಹ್ನ ಕಂಪನಿಯ ವಿಮೆ ಹಣ ಕೊಡುವ ಕೆಲಸವೇ ನಡೆಯಿತು. ಎರಡು ಬೆರಳು ಪೂರ್ತಿ ತೆಗೆದರು, ಒಂದು ಅರ್ಧ. ಅದಕ್ಕೆ ಯಾರೂ ಮುಂಗಡ ಕೇಳಲಿಲ್ಲ, ಯಾರೂ ಪರಿಶೀಲನೆ ಮಾಡಲಿಲ್ಲ, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಸೋಮವಾರ ಅವಳು ಯಂತ್ರದ ಮುಂದೆ ಕೂತಿದ್ದಾಗ ಹಣದ ಅಂಗಡಿಯವನು ಫೋನ್ ಮಾಡಿದ. ಪಾಪ, ಅವನಿಗೇನು ಗೊತ್ತು. “ಅಕ್ಕಾ, ಪಾಸಾಯ್ತು! ಅಲ್ಲಿ ಹೋದ ತಕ್ಷಣ ಕೊಡ್ತಾರೆ” ಎಂದು ಖುಷಿಯಿಂದ ಕೂಗಿದ. ಅವಳು “ಆಯ್ತಪ್ಪ, ಉಪಕಾರ ಆಯ್ತು” ಎಂದಳು. ಆಮೇಲೆ ಹೊಲಿದ ಒಂಬತ್ತು ಅಂಗಿಗಳಲ್ಲಿ ಒಂದರ ಕಾಜವೂ ನೆಟ್ಟಗೆ ಬರಲಿಲ್ಲ. ಮೇಸ್ತ್ರಿ ನೋಡಿ ಅವನ್ನು ಬದಿಗೆ ಸರಿಸಿ ಹೋದ.

ಸಂಜೆ ಗಂಡನ ಫೋನು.

“ಲೇ, ಬಂತು ಕಣೇ ದುಡ್ಡು. ದೊಡ್ಡಣ್ಣ ತಂದು ದಿಂಬಿನ ಕೆಳಗೆ ಇಟ್ಟಿದ್ದಾನೆ. ಏನ್ ಮಾಡ್ಲಿ ಹೇಳು?”

ದನಿಯಲ್ಲಿ ನಗು ತರಿಸಲು ನೋಡುತ್ತಿದ್ದ. ಅವಳಿಗೆ ಆ ನಗುವನ್ನು ಕೇಳಲಾಗಲಿಲ್ಲ.

“ಬಂದುಬಿಡಿ ರೀ. ಅದ್ರಲ್ಲೇ ಟಿಕೆಟ್ ತಗೊಳ್ಳಿ.”

“ಬಂದು ಏನ್ ಕೆಲಸ ಮಾಡ್ಲಿ?”

ಅವಳು ಬಾಯಿ ತೆರೆದಳು. ಹೇಳಬೇಕಾದದ್ದು ಎಷ್ಟೋ ಇತ್ತು, ನನ್ನಿಂದಲೇ ಹೀಗಾಯಿತು ಎನ್ನುವುದೂ ಇತ್ತು. ಒಂದೂ ಹೊರಗೆ ಬರಲಿಲ್ಲ. ಪ್ರತಿ ಸಲ ಕೇಳುವುದನ್ನೇ ಕೇಳಿದಳು.

“ಊಟ ಆಯ್ತಾ?”



“ಹೂಂ, ಆಯ್ತು” ಎಂದ. “ದೊಡ್ಡಣ್ಣ ತಿನ್ನಿಸ್ದ.”