ಅರವಟ್ಟಿಗೆಯ ನೀರು

"ಮಿಷಿನ್ನಲ್ಲಿ ಏನೂ ತಪ್ಪಿಲ್ಲ ಕಣಮ್ಮ," ಎಂದು ರಿಪೇರಿಯ ಗೋವಿಂದರಾಜು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡ. "ಕ್ಯಾಂಡಲ್ ಹೊಸದು, ಮೆಂಬ್ರೇನ್ ಹೊಸದು. ಒಳಕ್ಕೆ ಬರೋ ನೀರೇ ಸಣ್ಣಗಿದೆ. ಒಂದು ಪಂಪ್ ಹಾಕಿಸ್ಬುಡಿ. ಇಲ್ಲಾಂದ್ರೆ ಮನೆಯವರಷ್ಟೇ ಕುಡೀರಿ. ಇಡೀ ಚಾಮರಾಜಪುರಕ್ಕೇ ಕುಡಿಸ್ತೀನಿ ಅಂದ್ರೆ ಇದಾದ್ರೂ ಏನ್ಮಾಡುತ್ತೆ?"

ಗಿರಿಜಾಂಬಾ ನಗಲಿಲ್ಲ. ಗೋಡೆಯ ಮೇಲಿನ ನೀರು ಸೋಸುವ ಯಂತ್ರದಿಂದ ತಂಬಿಗೆಗೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು. "ಅವರಿದ್ದಾಗ ಮಧ್ಯಾಹ್ನದೊಳಗೆ ಗುಡಾಣ ತುಂಬ್ತಿತ್ತಲ್ಲಪ್ಪ," ಎಂದರು.

ಯುಗಾದಿ ಕಳೆದರೆ ಸಾಕು, ಅವರ ಗಂಡ ಶಿವರುದ್ರಪ್ಪನವರು ಗೇಟಿನ ಪಕ್ಕ ಹೊಂಗೆಯ ನೆರಳಲ್ಲಿ ಗುಡಾಣವಿಟ್ಟು ಅರವಟ್ಟಿಗೆ ನಡೆಸುತ್ತಿದ್ದರು. ಮನೆಗೆ ಈ ಯಂತ್ರ ಬಂದ ಮೇಲೆ ಗುಡಾಣಕ್ಕೂ ಅದರದೇ ನೀರು. "ನಾವು ಕುಡಿಯೋದೊಂದು, ದಾರೀಲಿ ಹೋಗೋರಿಗೊಂದಾ?" ಎನ್ನುತ್ತಿದ್ದರು. ಅವರು ತೀರಿಕೊಂಡು ಎರಡನೆಯ ಬೇಸಿಗೆ ಇದು. ಹೋದ ವರ್ಷ ಸಾವಾದ ಮನೆಯೆಂಬ ನೆವವಿತ್ತು.

"ಈ ಸಲಾನೂ ನಿಂತ್ರೆ ನಿಂತೇ ಹೋಯ್ತು," ಎಂದು ಗಿರಿಜಾಂಬಾ ತಮಗೆ ತಾವೇ ಹೇಳಿಕೊಂಡು, ತೊಳೆದಿಟ್ಟಿದ್ದ ಗುಡಾಣವನ್ನು ಮೂಲೆಯಲ್ಲಿ ಬೋರಲು ಹಾಕಿದರು.

ಸೊಸೆ ನಿಶ್ಚಿತಾ ಬಾಗಿಲ ಮರೆಯಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಮಾವನವರನ್ನು ಅವಳು ಕಂಡದ್ದು ಪಟದಲ್ಲಿ ಮಾತ್ರ. ಮದುವೆಯಾಗಿ ಬಂದ ದಿನದಿಂದಲೂ ಅಡುಗೆಮನೆಯ ನಲ್ಲಿ ದಾರದೆಳೆಯಂತೆ ಬರುತ್ತಿತ್ತು; ಬಚ್ಚಲ ನಲ್ಲಿಯೋ ಭೋರೆಂದು ಸುರಿಯುತ್ತಿತ್ತು. ಸಾರಿಗೆ ಉಪ್ಪು ಕಡಿಮೆ ಹಾಕುವಂತೆ ಇದೂ ಈ ಮನೆಯ ಪದ್ಧತಿಯಿರಬೇಕು ಎಂದುಕೊಂಡು ಸುಮ್ಮನಿದ್ದಳು. ಕೇಳುವುದಕ್ಕೆ ನಾಚಿಕೆ. ಈಗ ಗೋವಿಂದರಾಜುವಿನ ಮಾತು ಕೇಳಿದ ಮೇಲೆ ನಲ್ಲಿಯ ಕೆಳಗೆ ಅಂಗೈಯೊಡ್ಡಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಸೆರಗು ಸಿಕ್ಕಿಸಿ ತಾರಸಿಗೆ ಹೋದಳು.

ಅಡುಗೆಮನೆಯ ನಲ್ಲಿಗೂ ಯಂತ್ರಕ್ಕೂ ಎಂದೇ ಅಲ್ಲೊಂದು ಪುಟ್ಟ ಟ್ಯಾಂಕಿತ್ತು. ಏಣಿ ಹತ್ತಿದರೆ ಇಡೀ ಬೀದಿಗೆ ಕಾಣಿಸುತ್ತಾಳೆ. ಎದುರುಮನೆಯವರು ಸಂಡಿಗೆ ಹಾಕುವುದನ್ನು ಬಿಟ್ಟು ಇತ್ತಲೇ ನೋಡುತ್ತಿದ್ದರು. ಅವಳು ತಲೆ ತಗ್ಗಿಸಿಕೊಂಡೇ ಹತ್ತಿ ಮುಚ್ಚಳ ಸರಿಸಿದಳು. ಒಳಗೆ, ಕೆಳಕ್ಕಿಳಿಯುವ ಪೈಪಿನ ಬಾಯಿಗೆ ನಾಲ್ಕು ಮಡಿಕೆಯ ಬಟ್ಟೆಯೊಂದನ್ನು ಬಿಗಿದು ಕಟ್ಟಿತ್ತು. ಕೆಸರು ಕಟ್ಟಿ, ಪಾಚಿ ಹಿಡಿದು ಉಬ್ಬಿಕೊಂಡಿತ್ತು.

"ಅತ್ತೇ!"

ಆ ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು. ಗಿರಿಜಾಂಬಾ ಗಾಬರಿಯಿಂದ ಮಂಡಿ ಹಿಡಿದುಕೊಂಡು ಮೆಟ್ಟಿಲೇರಿ ಬಂದರು. ವಿಷಯ ಕೇಳಿ ಏಣಿಯ ಬುಡದಲ್ಲೇ ನಿಂತುಬಿಟ್ಟರು.

"ಅವರು ಕಟ್ಟಿದ್ದು ಕಣೇ. ಅವರ ಹಳೇ ಪಂಚೆ. ಅಮಾವಾಸ್ಯೆಗೊಂದ್ಸಲ ಹತ್ತಿ ಬದಲಾಯಿಸೋರು. ಮಿಷಿನ್ ಬಂದ್ಮೇಲೆ ಬಿಟ್ಟಿರ್ತಾರೆ ಅಂದ್ಕೊಂಡಿದ್ದೆ..." ಎಂದರು. ಆಮೇಲೆ ಸಣ್ಣಗೆ ನಕ್ಕರು. "ನಾನು ತೊಳೆದ ಅಕ್ಕೀನೇ ಇನ್ನೊಂದ್ಸಲ ತೊಳೀತಿದ್ದ ಮನುಷ್ಯ. ಮಿಷಿನ್ನ ನಂಬ್ತಾರಾ!"

"ಗಂಟು ಕಚ್ಚಿಕೊಂಡಿದೆ ಅತ್ತೆ. ಕತ್ತರಿ ಕೊಡ್ತೀರಾ?"

"ಬೇಡ. ಬಿಚ್ಚೋಕಾಗುತ್ತಾ ನೋಡು."

ನಿಶ್ಚಿತಾ ರವಿಕೆಯ ತೋಳು ನೆನೆಯುವಂತೆ ಕೈ ಇಳಿಬಿಟ್ಟು, ಕಣ್ಣಿಗೆ ಕಾಣದ ಆ ಗಂಟನ್ನು ಉಗುರಿನಿಂದ ಎಳೆಎಳೆಯಾಗಿ ಸಡಿಲಿಸತೊಡಗಿದಳು. ಬಿಸಿಲು ಬೆನ್ನು ಸುಡುತ್ತಿತ್ತು. ಗಿರಿಜಾಂಬಾ ಏಣಿಯನ್ನು ಎರಡೂ ಕೈಗಳಿಂದ ಹಿಡಿದು ನಿಂತಿದ್ದರು, ಬೇಗ ಎನ್ನಲಿಲ್ಲ. ಕೊನೆಗೆ ಗಂಟು ಬಿಚ್ಚಿಕೊಂಡಿತು. ಪೈಪು ಗುಳುಗುಳು ಎಂದು ನೀರು ಎಳೆದುಕೊಂಡಿತು. ಕೆಳಗೆ, ಅವಳು ನಿಲ್ಲಿಸದೆ ಬಂದಿದ್ದ ನಲ್ಲಿ ಅಡುಗೆಮನೆಯ ತೊಟ್ಟಿಯಲ್ಲಿದ್ದ ಪಾತ್ರೆಗಳ ಮೇಲೆ ರಭಸವಾಗಿ ಸುರಿಯುವ ಸದ್ದು ಕೇಳಿಸಿತು.

ಮಾರನೆಯ ದಿನ ಹೂವಿನ ಸಾಕಮ್ಮ ಬುಟ್ಟಿ ಇಳಿಸಿ ಹೊಂಗೆಯ ನೆರಳಿಗೆ ಬಂದಳು. "ಏನವ್ವಾ, ಅಂತೂ ಅಂಗಡಿ ತೆಗೆದ್ರಲ್ಲ! ಯಾರಿದು, ನಿಮ್ಮ ಸೊಸೇನಾ? ಇವಳಿಗೆ ಮಾತು ಬರ್ತದಾ?"

"ಬರುತ್ತೆ. ಕೂಗಿದ್ರೆ ಬೀದಿಗೇ ಕೇಳುತ್ತೆ," ಎಂದರು ಗಿರಿಜಾಂಬಾ. ಒಗೆದು ಒಣಗಿಸಿದ್ದ ಆ ಪಂಚೆಯ ಬಟ್ಟೆಯನ್ನು ಸೊಸೆಯ ಕೈಗಿತ್ತರು. "ಕಟ್ಟಮ್ಮ."

"ಮಿಷಿನ್ ನೀರ್ಗೂ ಬಟ್ಟೆ ಕಟ್ತಾರಾ?" ಎಂದಳು ಸಾಕಮ್ಮ.

"ಇರ್ಲಿ ಬುಡು," ಎಂದರು ಗಿರಿಜಾಂಬಾ.

ನಿಶ್ಚಿತಾ ಗುಡಾಣದ ಬಾಯಿಗೆ ಬಟ್ಟೆ ಸುತ್ತಿ, ಎಳೆದರೆ ಬಿಚ್ಚಿಕೊಳ್ಳುವಂಥ ಗಂಟು ಹಾಕಿದಳು. ಮೊದಲೇ ತುಂಬಿಟ್ಟಿದ್ದ ತಂಬಿಗೆಯನ್ನು ಸಾಕಮ್ಮನ ಕೈಗೆ ಬಗ್ಗಿಸಿದಳು. ಸಾಕಮ್ಮ ಬೊಗಸೆಯೊಡ್ಡಿ ಕುಡಿಯುತ್ತಿದ್ದರೆ, ಉದ್ದಕ್ಕೆ ಬಿಟ್ಟಿದ್ದ ಬಟ್ಟೆಯ ಎರಡು ತುದಿಗಳು ಬೀದಿಯ ಗಾಳಿಗೆ ಅಲ್ಲಾಡುತ್ತಿದ್ದವು.