ಹೆಣದ ಮೇಲೆ ನಿಂತ ಗಾಡಿ

ಗಂಗಾವತಿಯ ಪೇಟೆಯ ಸುತ್ತ ಎತ್ತರದ ಕಂಬಗಳ ಮೇಲೆ ಓಡುವ ಆ ಗಾಡಿಗೆ ಡ್ರೈವರ್ ಇರಲಿಲ್ಲ. ಎಂಬತ್ತನಾಲ್ಕರಲ್ಲಿ ಅದು ಬಂದಾಗ ಜನ ಬಾಯಿ ಬಿಟ್ಟು ನೋಡಿದರು. ಎರಡು ತಿಂಗಳಲ್ಲಿ ಕತ್ತೆತ್ತುವುದನ್ನೂ ಬಿಟ್ಟರು. ತಾನೇ ಹೊರಡುತ್ತಿತ್ತು, ತಾನೇ ನಿಲ್ಲುತ್ತಿತ್ತು. ಕೆಳಗೆ ಯಂತ್ರದ ಕೋಣೆಯ ಕಾವಲಿಗೆ ಉಮರಸಾಬನೊಬ್ಬನಿದ್ದ. ಗಾಡಿಯನ್ನು ತಡೆಯುವ ಅಲ್ಲಿನ ಕೆಂಪು ಹಿಡಿಕೆಯನ್ನು ಮುಟ್ಟದಿರುವುದೇ ಅವನ ಕೆಲಸ.

ಅವನ ಬಾಲ್ಯದ ಗೆಳೆಯ, ಪೇಟೆಯ ಹುಚ್ಚೀರಪ್ಪ ತೀರಿಕೊಂಡ. ಮಧ್ಯಾಹ್ನ ಸತ್ತವನ ಮಗ ಅಂದಪ್ಪ ಬಂದು ಕೋಣೆಯ ಬಾಗಿಲಲ್ಲಿ ನಿಂತ. ಹೆಣದ ತಲೆಯ ಮೇಲೆ ಮಂದಿ ಹಾಯಬಾರದು. ರುದ್ರಭೂಮಿಗೆ ಯಾವ ದಾರಿ ಹಿಡಿದರೂ ಆ ಹಳಿಯ ಕೆಳಗೇ ದಾಟಬೇಕು.

"ಕಾಕಾ, ಅಪ್ಪ ದಾಟೂ ತನಕ ಇದನ್ನ ನಿಂದರಸ್ರಿ."

ನೌಕರಿ ಹೋಗುತ್ತದೆಂದು ಉಮರಸಾಬನಿಗೆ ಗೊತ್ತಿತ್ತು. ಗೆಳೆಯನಿಗೊಂದು ಹಿಡಿ ಮಣ್ಣು ಹಾಕಿ ಬಂದಮೇಲೆ ಏನಾದರೂ ಆಗಲಿ ಎಂದು ಒಪ್ಪಿದ.

ಭಜನೆ ಹತ್ತಿರವಾದಾಗ ಹಿಡಿಕೆ ಎಳೆದ. ಬಸ್ಸಿನ ಹಾಗೆ ಗಾಡಿ ಮುಂದಿನ ಸ್ಟಾಪಿಗೆ ಹೋಗಿ ನಿಲ್ಲುತ್ತದೆಂದು ತಿಳಿದಿದ್ದ. ಹೊರಗೆ ಬಂದು ನೋಡಿದರೆ ಅದು ಹೆಣ ಹೋಗಬೇಕಾದ ರಸ್ತೆಯ ನೆತ್ತಿಯ ಮೇಲೇ, ಮಂದಿಯನ್ನು ತುಂಬಿಕೊಂಡೇ ನಿಂತಿತ್ತು. ಕೆಳಗೆ ನಾಲ್ಕು ಮಾರು ಹಿಂದೆ, ಹೆಣ ಹೊರುವ ಹೂವಿನ ವಿಮಾನದಲ್ಲಿ ಕೂರಿಸಿದ್ದ ಹುಚ್ಚೀರಪ್ಪ.

ಹಿಡಿಕೆಯನ್ನು ಮತ್ತೆ ನೂಕಿದ. ಯಂತ್ರ ಮಿಸುಕಲಿಲ್ಲ. ಫೋನಿನಲ್ಲಿ ಹೊಸಪೇಟೆಯ ಇಂಜಿನಿಯರ್, ನಾನು ಬರುವ ತನಕ ಕೋಣೆ ಬಿಟ್ಟು ಕದಲಿದರೆ ಮೇಲಿದ್ದವರ ಜೀವಕ್ಕೆ ನೀನೇ ಹೊಣೆ ಎಂದ.

ಮನೆಯಿಂದ ಹೊರಟ ಹೆಣ ಹಿಂದಕ್ಕೆ ತಿರುಗುವಂತಿಲ್ಲ. ಏಣಿ ತಂದು ಏಳು ಮಂದಿಯನ್ನು ಇಳಿಸಿದರು. ಎಂಟನೆಯವಳು ಮುದುಕವ್ವ ಏಣಿಗೆ ಕಾಲಿಡಲು ಹೆದರಿ ಒಳಗೇ ಕೂತಳು. ಹೊತ್ತವರು ಹೆಗಲು ಬದಲಿಸಿದರು, ಮತ್ತೆ ಬದಲಿಸಿದರು.

"ಡ್ರೈವರ್ ಇದ್ದಿದ್ರ ಕೈ ಮುಗದರ ಹೇಳಬಹುದಿತ್ತು," ಎಂದನೊಬ್ಬ. "ಇದರ ಕಾಲ ಎಲ್ಲಿ ಅದಾವೋ ಹಿಡಿಯಾಕ."

ಹೊತ್ತು ಇಳಿಯುತ್ತ ಬಂದಾಗ ಅಂದಪ್ಪ ಮೇಲೆ ನೋಡದೆ, "ನಡೀರಿ" ಎಂದ. ಮುದುಕವ್ವನ ಅಡಿಯಲ್ಲಿ ಹುಚ್ಚೀರಪ್ಪ ಹಾದುಹೋದ. ಕೋಣೆಯ ಮುಂದೆ ಅಂದಪ್ಪ ಮುಖ ತಿರುಗಿಸಿಕೊಂಡ. ಮಣ್ಣಿಗೆ ಬಾ ಎಂದು ಯಾರೂ ಕರೆಯಲಿಲ್ಲ. ಕರೆದಿದ್ದರೂ ಉಮರಸಾಬ ಹೊಸ್ತಿಲು ದಾಟುವಂತಿರಲಿಲ್ಲ.

ತಾಳದ ಸದ್ದು ದೂರವಾಯಿತು.

"ಹ್ವಾದ್ರೇನಪಾ?" ಮೇಲಿನಿಂದ ಮುದುಕವ್ವ ಕೇಳಿದಳು. "ನಾ ಕಣ್ಣ ಮುಚ್ಚೀನಿ, ಕಾಲೂ ಮ್ಯಾಲ ಎತ್ತೀನಿ."

"ಹ್ವಾದ್ರು ಯವ್ವಾ," ಎಂದ ಉಮರಸಾಬ. "ಕಾಲ ಇಳಸು."